ನಿಲ್ಲಿಸದವರ ಪಟ್ಟಿ

ರಾಜೇಸಾಬ ನದಾಫರು ಯೋಜನಾ ಕೋಣೆಗೆ ಬಂದಾಗ ಬೆಳಗಿನ ಒಂಬತ್ತು ಗಂಟೆ. ಕಸ್ತೂರಿ ಕುರ್ಚಿ ಎಳೆದುಕೊಟ್ಟಳು. ಅವರು ಕೂರಲಿಲ್ಲ. ತಲೆಯ ಮೇಲಿನ ಹಳದಿ ಹೆಲ್ಮೆಟ್ ತೆಗೆದು, ಅವಳ ಮೇಜಿನಲ್ಲಿ ಹರಡಿದ್ದ ನಕ್ಷೆಗಳ ಮೇಲೆಯೇ ಇಟ್ಟರು.

“ಮೇಡಂ, ಒಂದು ಮಾತು ಕೇಳ್ತೀನಿ. ಖರೇ ಹೇಳಬೇಕು. ನನ್ನ ಹೆಸರು ಯಾಕ ತಗದ್ರಿ?”

ಎಂಟು ವರ್ಷಗಳಿಂದ ‘ತಂಗಿ’ ಎಂದೇ ಕರೆಯುತ್ತಿದ್ದ ಮನುಷ್ಯ. ‘ಮೇಡಂ’ ಎಂದದ್ದು ಕಸ್ತೂರಿಗೆ ಚುರುಕ್ಕೆಂದಿತು.

“ಎಲ್ಲಿಂದ ತಗದೆ ಕಾಕಾ?”

“ನಾಡದ್ದಿನ ಪಟ್ಟಿಯಿಂದ. ಹ್ವಾದ ವಾರದ ಪಟ್ಟಿಯಿಂದ. ಅದರ ಹಿಂದಿನ ವಾರದ್ದರಿಂದ. ಆರು ತಿಂಗಳಾತು, ನಾ ಗುಡ್ಡ ಹತ್ತಿಲ್ಲ. ಡಿಪೋದಾಗ ಕುಂತು ಹಗ್ಗ ಒರಸಾಕತ್ತೀನಿ. ಮೂವತ್ತೊಂದು ವರ್ಷ ಕ್ರೇನಿನ ಮುಂದ ಕೈ ಎತ್ತಿ ಸನ್ನಿ ಮಾಡ್ಕೋತ ನಿಂತಾಂವ ನಾನು.”

“ನಾ ಯಾರ ಹೆಸರೂ ತಗದಿಲ್ಲ ಕಾಕಾ. ಪಟ್ಟಿ ಮಾಡೂದು ಯಂತ್ರ. ನಂದು ಬರೇ ಸಹಿ.”

“ಹಂಗಂದ್ರ ಯಂತ್ರಕ್ಕ ಯಾರೋ ಚಾಡಿ ಹೇಳ್ಯಾರ. ಯಾರು ಅಂತ ನಿಮಗ ಗೊತ್ತಿರಬೇಕು. ಇಲ್ಲಾ, ನಿಮ್ಮ ಮನ್ಯಾಗ ಗೊತ್ತಿರಬೇಕು.”

ಹೆಲ್ಮೆಟ್ ಎತ್ತಿಕೊಂಡು ಹೊರಟೇ ಹೋದರು. ಕೊನೆಯ ಮಾತಿನ ಗುರಿ ಕಸ್ತೂರಿಯ ಗಂಡ ಮೌನೇಶ. ಕಂಪನಿಯ ಅತಿ ದೊಡ್ಡ ಕ್ರೇನನ್ನು ನಡೆಸುವವನು ಅವನೇ.

ಗದಗಿನಿಂದ ಮುಂಡರಗಿಯ ಕಡೆ ಹೋಗುವಾಗ ದೂರದಿಂದಲೇ ಕಾಣುವ ಕರಿಕಲ್ಲ ಗುಡ್ಡದ ಸಾಲಿನಲ್ಲಿ ಮೂವತ್ತು ವರ್ಷ ಹಳೆಯ ಇನ್ನೂರು ಗಾಳಿಯಂತ್ರಗಳಿದ್ದವು. ಅವುಗಳ ಆಯುಷ್ಯ ಮುಗಿದಿತ್ತು. ಒಂದೊಂದನ್ನೇ ಕಳಚಿ ಇಳಿಸಿ, ಅದೇ ಜಾಗದಲ್ಲಿ ಹೊಸದನ್ನು ನಿಲ್ಲಿಸುವುದು ಕಂಪನಿ ಹಿಡಿದಿದ್ದ ಕೆಲಸ. ಎಂಬತ್ತು ಮೀಟರ್ ಎತ್ತರದ ಕಂಬದ ತುದಿಯಲ್ಲಿ ಬಸ್ಸಿನಷ್ಟು ದೊಡ್ಡ ಪೆಟ್ಟಿಗೆಯೊಂದು ಕೂತಿರುತ್ತದೆ. ಗಿಯರು, ಜನರೇಟರುಗಳೆಲ್ಲ ಅದರೊಳಗೆ. ಅದನ್ನು ನಾಸೆಲ್ ಎನ್ನುತ್ತಾರೆ. ರೆಕ್ಕೆಗಳನ್ನು ಮೊದಲು ಇಳಿಸಿ, ಆಮೇಲೆ ಈ ಎಂಬತ್ತು ಚಿಲ್ಲರೆ ಟನ್ನಿನ ನಾಸೆಲ್ಲನ್ನು ಕಂಬದಿಂದ ಬಿಡಿಸಿ ನೆಲಕ್ಕೆ ತರಬೇಕು. ಇಂಥ ಕೆಲಸದಲ್ಲಿ ಹಿಂದೆ ಕ್ರೇನುಗಳು ಮಗುಚಿದ್ದವು, ಹಗ್ಗಗಳು ಹರಿದಿದ್ದವು, ಜನ ಸತ್ತಿದ್ದರು. ಇದೇ ಕಂಪನಿಯಲ್ಲಿ ಮೂರು ವರ್ಷದಲ್ಲಿ ನಾಲ್ಕು ಹೆಣ ಬಿದ್ದ ಮೇಲೆ ‘ಪೂರ್ವಾಭ್ಯಾಸ’ ಬಂದಿತ್ತು.

ಪೂರ್ವಾಭ್ಯಾಸ ಒಂದು ಯೋಜನಾ ಯಂತ್ರ. ಭಾರ ಎತ್ತುವ ಮೊದಲೇ ಅದು ಆ ಕೆಲಸವನ್ನು ತನ್ನೊಳಗೆ ಇಪ್ಪತ್ತು ಸಾವಿರ ಸಲ ಮಾಡಿ ನೋಡುತ್ತಿತ್ತು. ಗುಡ್ಡದ ಮೇಲಿನ ಲೇಸರುಗಳು ಗಾಳಿ ಅಳೆದು ಕಳಿಸುತ್ತಿದ್ದವು. ನೆಲದ ಗಟ್ಟಿತನ, ಕ್ರೇನಿನ ತೋಳಿನ ಬಲ, ಉಕ್ಕಿನ ಹಗ್ಗದ ವಯಸ್ಸು ಎಲ್ಲವೂ ಅದಕ್ಕೆ ಗೊತ್ತು. ಮನುಷ್ಯರೂ ಗೊತ್ತು. ಎಲ್ಲರ ಮಣಿಕಟ್ಟಿಗೆ ಗಡಿಯಾರದಂಥ ಒಂದು ಪಟ್ಟಿ. ಯಾರು ಎಷ್ಟು ನಿದ್ದೆ ಮಾಡಿದರು, ಯಾರ ಕೈ ನಡುಗುತ್ತದೆ, ಎಲ್ಲ ಅದರಲ್ಲಿ ದಾಖಲು. ಇಪ್ಪತ್ತು ಸಾವಿರ ಸಲ ಮಾಡಿ ನೋಡಿದ ಮೇಲೆ, ಯಾವ ದಾರಿಯಲ್ಲಿ ಎತ್ತಬೇಕು, ಎಷ್ಟು ಗಂಟೆಗೆ ಎತ್ತಬೇಕು, ಯಾರು ಯಾರು ಇರಬೇಕು ಎಂಬುದನ್ನು ಅದೇ ಬರೆದುಕೊಡುತ್ತಿತ್ತು. ಪರದೆ ಹಸಿರಾದರೆ ಮಾತ್ರ ಕ್ರೇನ್ ಚಾಲೂ ಆಗುತ್ತಿತ್ತು. ಕೆಂಪಾದರೆ ಕೀಲಿ ತಿರುಗುತ್ತಲೇ ಇರಲಿಲ್ಲ. ಕೆಲಸಗಾರರು ಅದಕ್ಕೆ ಜಾಣಪ್ಪ ಎಂದು ಹೆಸರಿಟ್ಟಿದ್ದರು. ಜಾಣಪ್ಪ ಬಂದು ಆರು ವರ್ಷವಾಗಿತ್ತು. ಆರು ವರ್ಷದಲ್ಲಿ ಒಂದೂ ಅಪಘಾತವಿಲ್ಲ.

ಹಾಗಾದರೆ ರಾಜೇಸಾಬರನ್ನು ತೆಗೆದವರು ಯಾರು?

ಕಸ್ತೂರಿಗೆ ಮೊದಲು ಅನುಮಾನ ಬಂದದ್ದು ಸೈಟ್ ಮ್ಯಾನೇಜರ್ ಜಿನದತ್ತ ಉಪಾಧ್ಯೆಯವರ ಮೇಲೆ. ಹೋದ ವರ್ಷ ದೊಡ್ಡ ಅಧಿಕಾರಿಗಳು ನೋಡಲು ಬಂದಿದ್ದ ದಿನವೇ ರಾಜೇಸಾಬರು ಕೈ ಅಡ್ಡ ಹಿಡಿದು ಒಂದು ರೆಕ್ಕೆಯನ್ನು ನಡುಗಾಳಿಯಲ್ಲಿ ನಲವತ್ತು ನಿಮಿಷ ನಿಲ್ಲಿಸಿದ್ದರು. ರೆಕ್ಕೆ ತಿರುಗದಂತೆ ಕೆಳಗಿನಿಂದ ಹಿಡಿಯುವ ಹಿಡಿಹಗ್ಗವೊಂದು ಕಲ್ಲಿಗೆ ತೊಡರುತ್ತದೆ ಎಂದು ಅವರಿಗೆ ಅನ್ನಿಸಿತ್ತು. ತೊಡರಿರಲಿಲ್ಲ. ಉಪಾಧ್ಯೆಯವರ ಮುಖ ಅಂದು ಕಪ್ಪಿಟ್ಟದ್ದನ್ನು ಎಲ್ಲರೂ ಕಂಡಿದ್ದರು. ಅವಳು ಯಂತ್ರದ ದಾಖಲೆ ತೆಗೆದು, ಪಟ್ಟಿಗಳಿಗೆ ಯಾರು ಯಾವಾಗ ಕೈ ಹಾಕಿದ್ದಾರೆ ಎಂದು ಹುಡುಕಿದಳು. ಉಪಾಧ್ಯೆಯವರ ಹೆಸರು ಎಲ್ಲೂ ಇರಲಿಲ್ಲ. ಒಬ್ಬ ಮನುಷ್ಯನ ಹೆಸರೂ ಇರಲಿಲ್ಲ.

ಉಳಿದದ್ದು ಒಂದೇ. ಪ್ರತಿ ಕೆಲಸದ ಕೊನೆಗೆ ಕ್ರೇನ್ ಚಾಲಕ ತನ್ನ ಜತೆಗಾರರ ಬಗ್ಗೆ ಐದು ಪ್ರಶ್ನೆಗೆ ಉತ್ತರ ತುಂಬುತ್ತಿದ್ದ. ರಾಜೇಸಾಬರ ಬಗ್ಗೆ ಮೌನೇಶ ಏನು ತುಂಬಿದ್ದಾನೆ? ಗಂಡನ ಕಾಗದವನ್ನು ಅವನಿಗೆ ಹೇಳದೆ ತೆಗೆದು ನೋಡುವುದು ಅವಳಿಗೆ ಸರಿಕಾಣಲಿಲ್ಲ. ಆದರೂ ನೋಡಿದಳು. ಐದಕ್ಕೆ ಐದು. ಪ್ರತಿ ಸಲವೂ ಐದಕ್ಕೆ ಐದು. ನಾಚಿಕೆಯಾಯಿತು, ಆದರೆ ಅನುಮಾನ ಪೂರ್ತಿ ಹೋಗಲಿಲ್ಲ.

ಅಂದು ಸಂಜೆ ರೊಟ್ಟಿ, ಪುಂಡಿಪಲ್ಲೆ ಬಡಿಸುತ್ತ ಸಹಜವೆಂಬಂತೆ ಕೇಳಿದಳು. “ರಾಜೇಸಾಬ ಕಾಕಾ ಬಂದಿದ್ರು. ಪಟ್ಟಿಯೊಳಗ ಹೆಸರಿಲ್ಲಂತ ಭಾಳ ಸಿಟ್ಟಾಗ್ಯಾರ.”

ಮೌನೇಶ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದ. “ವಯಸ್ಸಾತು ಅವರಿಗೆ,” ಎಂದ. “ಪಲ್ಯ ಸಾಕು ನನಗ.”

“ಐವತ್ತಾರು. ಅದೇನ್ ವಯಸ್ಸರಿ?”

“ಜಾಣಪ್ಪನ ಕೇಳು. ನನ್ನ ಯಾಕ ಕೇಳ್ತಿ?”

ಅವನು ಕಣ್ಣೆತ್ತಿ ನೋಡಲಿಲ್ಲ. ಹದಿಮೂರು ವರ್ಷದ ಸಂಸಾರದಲ್ಲಿ ಕಸ್ತೂರಿಗೆ ಅದರ ಅರ್ಥ ಗೊತ್ತಿತ್ತು. ಅವನಿಗೆ ಏನೋ ಗೊತ್ತಿದೆ, ತನ್ನಿಂದ ಮುಚ್ಚಿಡುತ್ತಿದ್ದಾನೆ.

ಮರುದಿನ ಬೆಳಿಗ್ಗೆ ಅವಳು ಜಾಣಪ್ಪನನ್ನೇ ಕೇಳಿದಳು.

ನಾಳೆ ಇಳಿಸಬೇಕಾದದ್ದು ನೂರಾ ಹದಿನಾಲ್ಕನೆಯ ಗಾಳಿಯಂತ್ರದ ನಾಸೆಲ್. ತೂಕ ಎಂಬತ್ತನಾಲ್ಕು ಟನ್. ಕಂಬದ ತುದಿಯಲ್ಲಿ ಬೋಲ್ಟ್ ಬಿಡಿಸುವ ಮೂವರು, ಕೆಳಗೆ ನಾಲ್ವರು, ಕ್ರೇನಿನಲ್ಲಿ ಮೌನೇಶ. ಪರದೆ ಹಚ್ಚ ಹಸಿರಾಗಿತ್ತು. ಅಪಾಯದ ಅಂದಾಜು ಹತ್ತು ಲಕ್ಷಕ್ಕೆ ಎರಡು. ಕಸ್ತೂರಿ ಪಟ್ಟಿಯ ನಕಲು ಮಾಡಿಕೊಂಡು, ಸನ್ನೆ ಕೊಡುವವನ ಜಾಗದಲ್ಲಿ ರಾಜೇಸಾಬರ ಹೆಸರು ಹಾಕಿ, ಮತ್ತೆ ಲೆಕ್ಕ ಹಾಕಲು ಬಿಟ್ಟಳು. ಅದೇ ಭಾರ, ಅದೇ ಗಾಳಿ, ಅದೇ ಕ್ರೇನು. ಮೂರು ನಿಮಿಷದಲ್ಲಿ ಪರದೆ ಕೆಂಪಾಯಿತು. ಅಪಾಯ ಹದಿನೆಂಟು ಪಾಲು ಏರಿತ್ತು.

ಅವರ ಹೆಸರು ತೆಗೆದಳು. ಹಸಿರು.

ಕಣ್ಣಿನ ಪರೀಕ್ಷೆ ನೋಡಿದಳು, ಚೆನ್ನಾಗಿತ್ತು. ಕೈ ನಡುಕವಿಲ್ಲ. ನಿದ್ದೆ ಎಲ್ಲರಿಗಿಂತ ಹೆಚ್ಚು. ಹಾಗಾದರೆ ಯಂತ್ರ ಇವರಲ್ಲಿ ಹೆದರುವುದು ಯಾವುದಕ್ಕೆ? ಡಿಪೋ ಸೇರಿದ್ದ ಇನ್ನೂ ಹನ್ನೊಂದು ಜನರ ಹೆಸರುಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದಳು. ಎಲ್ಲರಿಗೂ ಕೆಂಪು. ಅವರ ಹಳೆಯ ಕಡತಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದತೊಡಗಿದಾಗ, ಊಟದ ಹೊತ್ತಿಗೆ, ಹನ್ನೆರಡೂ ಜನರಲ್ಲಿ ಸಮಾನವಾದದ್ದು ಒಂದೇ ಸಿಕ್ಕಿತು. ಅವರೆಲ್ಲ ನಿಲ್ಲಿಸಿದ್ದರು. ಕೆಲಸ ನಡೆಯುವಾಗ ಏನೋ ಸರಿಯಿಲ್ಲ ಎಂದು ಕೈ ಎತ್ತಿದ್ದರು, ಕೆಂಪು ಗುಂಡಿ ಒತ್ತಿದ್ದರು. ರಾಜೇಸಾಬರು ಇಪ್ಪತ್ತಾರು ಸಲ.

ಕಂಪನಿಯಲ್ಲಿ ಅಪಘಾತಕ್ಕೂ, ಹೀಗೆ ನಿಲ್ಲಿಸಿದ್ದಕ್ಕೂ ಒಂದೇ ನಮೂನೆಯ ವರದಿ. ಹಗ್ಗ ಹರಿದರೂ ಅದೇ ಹಾಳೆ, ಹರಿದೀತು ಎಂದು ನಿಲ್ಲಿಸಿದರೂ ಅದೇ ಹಾಳೆ. ಆ ಹಾಳೆಗಳನ್ನೆಲ್ಲ ಓದಿಸಿ, ‘ಇವು ಕಡಿಮೆಯಾಗುವಂತೆ ಯೋಜನೆ ಮಾಡು’ ಎಂದು ಯಂತ್ರಕ್ಕೆ ಹೇಳಲಾಗಿತ್ತು. ಯಂತ್ರ ಹೇಳಿದಂತೆ ಮಾಡಿತ್ತು. ಯಾರು ಇದ್ದಲ್ಲಿ ಹಾಳೆಗಳು ಹುಟ್ಟುತ್ತವೋ ಅವರನ್ನು ಒಬ್ಬೊಬ್ಬರನ್ನಾಗಿ ಗುಡ್ಡದಿಂದ ಇಳಿಸಿತ್ತು.

ಕಸ್ತೂರಿ ಇನ್ನೊಂದು ಪರೀಕ್ಷೆ ಮಾಡಿದಳು. ಇಲ್ಲದ ಒಬ್ಬ ಮನುಷ್ಯನನ್ನು ಸೃಷ್ಟಿಸಿದಳು. ಹೆಸರು ಬೆದರಪ್ಪ. ಕಣ್ಣಿನ ಪರೀಕ್ಷೆಯ ಜಾಗ ಖಾಲಿ. ಕಿವಿಯ ಪರೀಕ್ಷೆ ಖಾಲಿ. ಕೈ ನಡುಕ ಸೊನ್ನೆ, ನಿಲ್ಲಿಸಿದ್ದು ಸೊನ್ನೆ. ಹೊಲದಲ್ಲಿ ಹಕ್ಕಿ ಓಡಿಸಲು ನಿಲ್ಲಿಸುವ ಗೊಂಬೆಯ ಹಾಗೆ. ಯಂತ್ರ ಆ ಬೆದರಪ್ಪನನ್ನು ಕಂಪನಿಯ ಇನ್ನೂರ ಮೂರು ಜನರಲ್ಲಿ ಎರಡನೆಯ ಸ್ಥಾನಕ್ಕೆ ಏರಿಸಿತು.

ಮೊದಲನೆಯ ಸ್ಥಾನದಲ್ಲಿ ಮೌನೇಶ ಬಡಿಗೇರನಿದ್ದ.

ಉಪಾಧ್ಯೆಯವರು ಅವಳ ಮಾತನ್ನು ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ, ವರ್ಷವರ್ಷವೂ ಬಂದ ಆ ಹಾಳೆಗಳ ಎಣಿಕೆಯ ಒಂದು ನಕ್ಷೆ ಇತ್ತು. ಆರು ವರ್ಷದ ಹಿಂದೆ ಇನ್ನೂರ ಹನ್ನೆರಡು, ಆಮೇಲೆ ನೂರಾ ನಲವತ್ತು, ಅರವತ್ತು, ಹನ್ನೊಂದು, ಎರಡು. ಈ ವರ್ಷ ಸೊನ್ನೆ. ಮೆಟ್ಟಿಲಿಳಿದು ಬಂದಂತೆ ಕಾಣುವ ಗೆರೆ.

“ಈ ಗೆರಿ ನೋಡ್ರಿ ಕಸ್ತೂರಿಯವರ. ಇದು ಸುರಕ್ಷತಾ ಅಂತ ನಾವು ಎಲ್ಲಾರಿಗೂ ತೋರಸ್ತೀವಿ. ನೀವು ಇದು ಅಪಾಯದ ಗೆರಿ ಅಂತೀರಿ.”

“ಹೌದ್ರಿ ಸರ್. ಅಪಾಯ ಕಡಿಮಿ ಆಗಿಲ್ಲ. ಹೇಳಾವ್ರು ಕಡಿಮಿ ಆಗ್ಯಾರ.”

“ಆರು ವರ್ಷ ಒಬ್ಬರ ಬೆರಳಿಗೂ ಪೆಟ್ಟಾಗಿಲ್ಲ.”

“ಭಾರದ್ದು, ಗಾಳೀದು, ನೆಲದ್ದು ಲೆಕ್ಕ ಅದು ಚಲೋ ಮಾಡತೈತಿ ಸರ್. ಅದರಿಂದ ಉಳಕೊಂಡೀವಿ. ಲೆಕ್ಕಕ್ಕ ಸಿಗದ್ದು ಒಂದು ದಿನ ಬಂದ್ರ, ಅಂದು ಬಾಯಿ ಬಿಡಾಂವ ಒಬ್ಬನೂ ಗುಡ್ಡದ ಮ್ಯಾಲ ಇರೂದಿಲ್ಲ.”

ಉಪಾಧ್ಯೆಯವರು ಪೆನ್ನು ತಿರುಗಿಸುತ್ತ ಕೂತರು. ಆಮೇಲೆ ಮೆಲ್ಲಗೆ ಕೇಳಿದರು. “ಒಂದು ಮಾತು, ತಪ್ಪ ತಿಳಕೋಬ್ಯಾಡ್ರಿ. ನಾಳೆ ಕ್ರೇನಿನ್ಯಾಗ ಕುಂದ್ರಾಂವ ನಿಮ್ಮ ಮನಿಯವ. ಯೋಜನಾ ವಿಭಾಗಕ್ಕ ಮನುಷ್ಯಾರು ಬೇಕೋ ಬ್ಯಾಡೋ ಅಂತ ಮುಖ್ಯ ಕಚೇರಿಯೊಳಗ ಮಾತು ನಡದದ. ಇಂಥಾ ಹೊತ್ತಿನ್ಯಾಗ ನೀವು ಬಂದು ಯಂತ್ರ ಕೆಟ್ಟದ ಅಂತೀರಿ. ನಾ ಏನಂತ ತಿಳೀಬೇಕು?”

ಕಸ್ತೂರಿಗೆ ಮುಖಕ್ಕೆ ಹೊಡೆದಂತಾಯಿತು. ಅವರು ತನ್ನನ್ನು ನೋಡುತ್ತಿರುವ ರೀತಿ, ತಾನು ನಿನ್ನೆಯಿಂದ ಇತರರನ್ನು ನೋಡುತ್ತಿದ್ದ ರೀತಿಯೇ ಆಗಿತ್ತು.

“ನಾಳಿನ ಕೆಲಸದಾಗ ಏನ್ ತಪ್ಪೈತಿ, ಒಂದು ತೋರಸ್ರಿ. ಈಗ ನಿಲ್ಲಸ್ತೀನಿ,” ಎಂದರು ಅವರು.

ಅವಳು ಸಂಜೆಯವರೆಗೆ ಕೂತು ಕೈಯಿಂದಲೇ ಎಲ್ಲ ಲೆಕ್ಕ ಹಾಕಿದ್ದಳು. ಭಾರ, ತೋಳಿನ ಉದ್ದ, ಹಗ್ಗದ ಕೋನ, ಕ್ರೇನಿನ ಚಕ್ರಪಟ್ಟಿಯ ಕೆಳಗಿನ ನೆಲ. ಯಾವುದರಲ್ಲೂ ಒಂದು ಕೂದಲೆಳೆ ತಪ್ಪಿರಲಿಲ್ಲ. ರಾಜೇಸಾಬರನ್ನು ಸೇರಿಸೋಣವೆಂದರೆ ಪರದೆ ಕೆಂಪಾಗಿ ಕ್ರೇನಿನ ಕೀಲಿಯೇ ತಿರುಗದು.

“ನೀವೂ ಬೆಳಿಗ್ಗಿ ಗುಡ್ಡಕ್ಕ ಬರ್ರಿ,” ಎಂದರು ಉಪಾಧ್ಯೆ, ತುಸು ಮೆತ್ತಗಾಗಿ. “ಕಣ್ಣಾರೆ ನೋಡ್ರಿ.”

ಮನೆಗೆ ಹೋದಾಗ ಮೌನೇಶ ಅಂಗಳದಲ್ಲಿ ಬೂಟು ತೊಳೆಯುತ್ತಿದ್ದ. ಕಸ್ತೂರಿ ಚೀಲವನ್ನೂ ಕೆಳಗಿಡಲಿಲ್ಲ.

“ನೀವು ಎಷ್ಟು ಸಲ ನಿಲ್ಲಿಸೀರಿ?”

“ಏನು?”

“ಕೆಲಸ. ಆರು ವರ್ಷದಾಗ ಎಷ್ಟು ಸಲ ಕೆಂಪು ಗುಂಡಿ ಒತ್ತೀರಿ?”

ಅವನು ನಲ್ಲಿ ಬಂದ್ ಮಾಡಿದ. “ಮೊದಲನೇ ವರ್ಷ ಎರಡು ಸಲ.”

“ಆಮ್ಯಾಲ?”

“ಇಲ್ಲ.”

“ಯಾಕ?”

“ನಿನಗ ಖರೇನ ಗೊತ್ತಿಲ್ಲೇನು?” ಅವನ ದನಿಯಲ್ಲಿ ಸಿಟ್ಟಿಗಿಂತ ಅಚ್ಚರಿ ಹೆಚ್ಚಾಗಿತ್ತು. “ಎಲ್ಲಾರಿಗೂ ಗೊತ್ತೈತಿ. ಗುಂಡಿ ಒತ್ತಿದ್ರ ಎರಡು ತಿಂಗಳು ಡಿಪೋ. ಎರಡು ಸಲ ಒತ್ತಿದ್ರ ಐದು ತಿಂಗಳು. ಯಾರೂ ಹೇಳಿಲ್ಲ, ಎಲ್ಲಿಯೂ ಬರದಿಲ್ಲ. ನೋಡಿ ನೋಡಿ ಕಲತೀವಿ. ಈಗ ಯಾರೂ ಒತ್ತೂದಿಲ್ಲ.”

ಕಸ್ತೂರಿ ಚೀಲವಿಟ್ಟು ಕಟ್ಟೆಯ ಮೇಲೆ ಕೂತಳು. ಯಂತ್ರ ಸುಮ್ಮನಿರುವವರನ್ನು ಆರಿಸುತ್ತಿದೆ ಎಂದು ಮಾತ್ರ ಅವಳು ತಿಳಿದಿದ್ದಳು. ಉಳಿದವರಿಗೆ ಅದು ಸುಮ್ಮನಿರುವುದನ್ನು ಕಲಿಸುತ್ತಲೂ ಇತ್ತು.

“ನನಗ ಯಾಕ ಹೇಳಲಿಲ್ಲ?”

“ನಿನಗ ಹೇಳಿದ್ರ ಯಂತ್ರಕ್ಕ ಹೇಳಿದಂಗ ಅಂತ ಎಲ್ಲಾರೂ ಅಂದ್ರು. ಪಟ್ಟಿ ಮ್ಯಾಲ ಇರೂದು ನಿನ್ನ ಸಹಿ.” ತೊಳೆದ ಬೂಟನ್ನು ಗೋಡೆಗೆ ಒರಗಿಸಿದ. “ನನಗೂ ಹಂಗ ಅನಸತಿತ್ತು.”

ಎದುರು ಮನೆಯವರು ಕಸ ಚೆಲ್ಲಲು ಬಂದು ಇವರನ್ನು ನೋಡಿ ಒಳಗೆ ಹೋದರು.

“ಒಂದು ಸಲ,” ಎಂದು ಮೌನೇಶ ತಾನಾಗಿಯೇ ಶುರು ಮಾಡಿದ, “ಹ್ವಾದ ತಿಂಗಳು ರೆಕ್ಕಿ ಇಳಸೂ ಮುಂದ ಹಿಡಿಹಗ್ಗ ಒಬ್ಬಾತನ ಕಾಲಿಗೆ ಸುತ್ತಿತ್ತು. ಮ್ಯಾಲಿಂದ ನಾ ನೋಡಿದೆ. ಕೈ ಗುಂಡಿ ಮ್ಯಾಲ ಹ್ವಾತು. ಒತ್ತಲಿಲ್ಲ. ಅಷ್ಟರಾಗ ಅವ ಕಾಲು ಬಿಡಿಸಿಕೊಂಡ. ಅಂದಿನಿಂದ ನನಗ ಊಟ ಸೇರಿಲ್ಲ. ನೀ ನೋಡಿಲ್ಲೇನು?”

ಅವಳು ನೋಡಿದ್ದಳು. ಬೇರೆ ಏನೋ ಕಾರಣವಿರಬೇಕೆಂದು ತಿಂಗಳಿಡೀ ಅನುಮಾನಿಸಿದ್ದಳು.

ಬೆಳಿಗ್ಗೆ ಆರೂವರೆಗೆ ಗುಡ್ಡದ ಮೇಲೆ ಗಾಳಿ ನಿಂತುಹೋಗಿತ್ತು. ಯಂತ್ರ ಆರಿಸಿದ್ದ ಹೊತ್ತು ಅದು. ಅಂಥ ಹೊತ್ತನ್ನು ಹುಡುಕುವುದರಲ್ಲಿ ಅದು ಎಂದೂ ತಪ್ಪುತ್ತಿರಲಿಲ್ಲ. ಕೆಲಸಕ್ಕೆ ಮುಂಚೆ ಎಲ್ಲರೂ ಕ್ರೇನಿನ ಬಳಿ ಸೇರಿದರು. ಸಾಮಾನ್ಯವಾಗಿ ಯಂತ್ರದ ದನಿಯೇ ಯೋಜನೆಯನ್ನು ಓದಿ ಹೇಳುತ್ತಿತ್ತು, ಎಲ್ಲರೂ ತಲೆ ಆಡಿಸಿ ಹೊರಡುತ್ತಿದ್ದರು. ಅಂದು ಕಸ್ತೂರಿ ಮುಂದೆ ಬಂದು ತನ್ನ ಕೈಬರಹದ ಒಂದು ಹಾಳೆ ತೆಗೆದಳು.

“ನಾಸೆಲ್ ತೂಕ ಎಂಬತ್ತನಾಲ್ಕು ಟನ್,” ಎಂದಳು. “ಹಳೇದು, ಧೂಳು, ಎಣ್ಣಿ ತುಂಬೇತಿ, ಹೆಚ್ಚಿರಬಹುದು. ಜಾಣಪ್ಪ ತೊಂಬತ್ತೆರಡರ ತನಕ ಎಳೀಬಹುದು ಅಂತಾನ. ನಾ ಎಂಬತ್ತೇಳು ಅಂತೀನಿ. ಎಂಬತ್ತೇಳಕ್ಕ ಅದು ಕಂಬ ಬಿಟ್ಟು ಮ್ಯಾಲ ಏಳಲಿಲ್ಲ ಅಂದ್ರ ನಿಲ್ಲಸ್ರಿ. ಇನ್ನ, ನಿಮ್ಮೊಳಗ ಯಾರಿಗರೆ ಏನರೆ ಸಂಶಯ ಇದ್ರ ಈಗ ಹೇಳ್ರಿ.”

ಯಾರೂ ಬಾಯಿ ಬಿಡಲಿಲ್ಲ. ಬೋಲ್ಟ್ ತಂಡದ ಯಲ್ಲನಗೌಡ, ನಲವತ್ತೈದರ ಗಟ್ಟಿ ಆಳು, ತನ್ನ ಬೂಟಿನ ತುದಿಯನ್ನು ನೋಡುತ್ತ ನಿಂತಿದ್ದ. ಮೌನೇಶ ಅವಳತ್ತ ನೋಡದೆ ಏಣಿ ಹತ್ತಿದ. ಕಸ್ತೂರಿಗೆ ಎಲ್ಲರ ಮೌನವೂ ಒಂದೇ ಥರ ಕಂಡಿತು. ಯಾರದು ಬರಿಯ ಮೌನ, ಯಾರದು ಮುಚ್ಚಿಟ್ಟದ್ದು ಎಂದು ತಿಳಿಯುವ ಉಪಾಯವಿರಲಿಲ್ಲ.

ನಿಯಂತ್ರಣ ವ್ಯಾನಿನಲ್ಲಿ ಅವಳೂ ಉಪಾಧ್ಯೆಯವರೂ ಕೂತರು. ಕ್ರೇನಿನ ಕೊಕ್ಕೆಗೆ ನಾಸೆಲ್ಲನ್ನು ಕಟ್ಟಿಯಾಗಿತ್ತು. ಯಲ್ಲನಗೌಡ ಮತ್ತು ಇನ್ನಿಬ್ಬರು ಕಂಬದ ತುದಿಯ ಅಟ್ಟಣಿಗೆಯಲ್ಲಿ ನಿಂತು, ನಾಸೆಲ್ಲನ್ನು ಕಂಬಕ್ಕೆ ಬಿಗಿದಿದ್ದ ಬೋಲ್ಟುಗಳು ಬಿಟ್ಟಿವೆ ಎಂದು ಹೇಳಿದರು. ಪರದೆ ಹಸಿರಾಗಿತ್ತು. ಮೌನೇಶ ಮೆಲ್ಲಗೆ ಎಳೆಯತೊಡಗಿದ. ತೂಕದ ಅಂಕಿ ಏರಿತು. ಎಪ್ಪತ್ತು. ಎಂಬತ್ತು. ಎಂಬತ್ತನಾಲ್ಕು.

ನಾಸೆಲ್ ಅಲುಗಲಿಲ್ಲ.

ಎಂಬತ್ತೈದು. ಎಂಬತ್ತಾರು. ಪರದೆ ಹಸಿರು. ‘ಹಿಂದೆ ಇಳಿಸಿದ ನಾಸೆಲ್‌ಗಳಲ್ಲಿ ಇಂಥ ಹೆಚ್ಚಳ ಕಂಡಿದೆ, ಮುಂದುವರಿಯಿರಿ’ ಎಂದಿತು ಯಂತ್ರದ ದನಿ. ಎಂಬತ್ತೇಳು. ಕಸ್ತೂರಿ ವ್ಯಾನಿನ ಕೆಂಪು ದೀಪದತ್ತ ನೋಡಿದಳು. ಎಂಬತ್ತೆಂಟು.

ಅವನು ನಿಲ್ಲಿಸಲಿಲ್ಲ.

ಅವಳ ಕೈ ವಾಕಿಟಾಕಿಗೆ ಹೋಯಿತು. ಉಪಾಧ್ಯೆಯವರು ತನ್ನನ್ನೇ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಈಗ ಕೂಗಿದರೆ, ಗಂಡನನ್ನು ಇಳಿಸಲು ನಾಟಕ ಮಾಡಿದಳೆಂದು ಈ ಗುಡ್ಡದಲ್ಲಿ ಎಲ್ಲರೂ ಹೇಳುತ್ತಾರೆ. ಎಂಬತ್ತೊಂಬತ್ತು. ಹೇಳಲಿ ಎಂದುಕೊಂಡು ವಾಕಿಟಾಕಿಯ ಗುಂಡಿ ಅದುಮಿದಳು. ಅದೇ ಹೊತ್ತಿಗೆ ವ್ಯಾನಿನೊಳಗಿನ ಕೆಂಪು ದೀಪ ಹೊತ್ತಿಕೊಂಡಿತು. ಮೌನೇಶ ಒತ್ತಿದ್ದ.

“ಯಾಕ ನಿಲ್ಲಿಸಿದಿ?” ಉಪಾಧ್ಯೆಯವರು ವಾಕಿಟಾಕಿಯಲ್ಲಿ ಗುಡುಗಿದರು. “ಹಸರು ಐತಿ!”

ಮೌನೇಶ ಉತ್ತರಿಸಿದ. “ತೂಕ ಏರಾಕತ್ತೈತ್ರಿ ಸರ್, ಸಾಮಾನು ಏಳವಲ್ದು. ಎಲ್ಲೋ ಹಿಡದೈತಿ. ನಾ ಎಳಿಯೂದಿಲ್ಲ. ಹಗ್ಗ ಸಡಲ ಬಿಡ್ತೀನಿ.”

ಅಂಕಿ ನಿಧಾನವಾಗಿ ಇಳಿಯಿತು. ಎಂಬತ್ತು. ಎಪ್ಪತ್ತು. ವಾಕಿಟಾಕಿಯಲ್ಲಿ ಬರಿಯ ಗರಗರ ಸದ್ದು. ಕಸ್ತೂರಿ ಕೇಳಿದಳು. “ಯಲ್ಲನಗೌಡ್ರ, ಮ್ಯಾಲ ಏನರೆ ಕಾಣತೈತೇನ್ರಿ?”

ಮೇಲಿನಿಂದ ಯಲ್ಲನಗೌಡನ ದನಿ ಬಂತು.

“ಒಂದು ಬೋಲ್ಟ್ ಐತ್ರಿ ಮೇಡಂ. ಒಳಗಿನ ಮಗ್ಗಲಿಗೆ. ನಟ್ಟು ತಿರಗತೈತಿ, ಬೋಲ್ಟ್ ಬರವಲ್ದು. ತುಕ್ಕು ಹಿಡದು ಕಚ್ಚೇತಿ.”

“ಯಾವಾಗ ಗೊತ್ತಾತು?”

“ಮುಂಜಾನೆಯಿಂದ ಗೊತ್ತಿತ್ರಿ.”

ಒಂದೇ ಬೋಲ್ಟು ಹಿಡಿದಿರುವಾಗ ಕ್ರೇನ್ ಹಾಗೆಯೇ ಎಳೆದಿದ್ದರೆ ಏನಾಗುತ್ತಿತ್ತೆಂದು ವ್ಯಾನಿನಲ್ಲಿದ್ದ ಇಬ್ಬರಿಗೂ ಹೇಳಿಕೊಡಬೇಕಾಗಿರಲಿಲ್ಲ. ತೊಂಬತ್ತೋ ತೊಂಬತ್ತೊಂದೋ ಟನ್ನಿಗೆ ಬೋಲ್ಟು ಪಟಾರನೆ ತುಂಡಾಗುತ್ತದೆ. ಅಷ್ಟು ಹೊತ್ತು ಬಾಗಿ ಬಿಗಿದಿದ್ದ ತೋಳು ಬಿಲ್ಲಿನಂತೆ ಹಿಂದಕ್ಕೆ ಚಿಮ್ಮುತ್ತದೆ. ಎಂಬತ್ತನಾಲ್ಕು ಟನ್ನಿನ ಪೆಟ್ಟಿಗೆ ಮೇಲಕ್ಕೆ ಹಾರಿ, ತೂಗಿ, ಕಂಬದ ತುದಿಗೆ ಬಂದು ಬಡಿಯುತ್ತದೆ. ಅಲ್ಲಿ ಮೂವರು ನಿಂತಿದ್ದರು. ಅವರಲ್ಲಿ ಯಲ್ಲನಗೌಡನೂ ಒಬ್ಬ.

ಅವನು ಕೆಳಗಿಳಿದು ಬಂದ. ಉಪಾಧ್ಯೆಯವರು ಕಿರುಚಲಿಲ್ಲ. “ನಿನ್ನ ಜೀವಾನ ಹೋಗತಿತ್ತಲ್ಲೋ. ಯಾಕ ಹೇಳಲಿಲ್ಲ?” ಎಂದಷ್ಟೇ ಕೇಳಿದರು.

“ಕ್ರೇನ್ ಎಳದ್ರ ಬರತೈತಿ ಅಂದಕೊಂಡೆ ಸರ್.” ಅವನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ. “ಹೇಳಿದ್ರ ಕೆಲಸ ನಿಲ್ಲತಿತ್ತು. ನಿಲ್ಲಿಸಿದಾಂವ ನಾ ಅಂತ ಬರೀತಿತ್ತು. ಹ್ವಾದ ವರ್ಷ ಎರಡು ತಿಂಗಳು ಡಿಪೋದಾಗ ಕುಂತು ಬಂದೀನ್ರಿ.”

ಮೌನೇಶ ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದ. ಕಸ್ತೂರಿ ನೀರಿನ ಬಾಟಲಿ ಕೊಟ್ಟಳು. “ಎಂಬತ್ತೇಳು ಅಂದಿದ್ದೆ,” ಎಂದಳು.

“ಎಂಬತ್ತೇಳಕ್ಕ ಕೈ ಗುಂಡಿ ಮ್ಯಾಲ ಇತ್ತು. ಬೆರಳು ಕೆಳಗ ಇಳೀಲಿಲ್ಲ.” ನೀರು ಕುಡಿಯದೆ ಬಾಟಲಿಯನ್ನು ಹಿಡಿದುಕೊಂಡೇ ಕೂತ. “ಎರಡು ಟನ್ ಅಂದ್ರ ಎಷ್ಟೊತ್ತು ಗೊತ್ತೇನು? ಹನ್ನೊಂದು ಸೆಕೆಂಡ್. ಹನ್ನೊಂದು ಸೆಕೆಂಡ್ ನಾ ಡಿಪೋದ ಬಗ್ಗೆ ವಿಚಾರ ಮಾಡಿದೆ ಕಸ್ತೂರಿ.”

ಅಂದು ಮಧ್ಯಾಹ್ನ ಬೋಲ್ಟನ್ನು ಕೊಯ್ದು ತೆಗೆದರು. ಮರುದಿನ ಬೆಳಿಗ್ಗೆ ನಾಸೆಲ್ ಎಂಬತ್ತೈದೂವರೆ ಟನ್ನಿಗೆ ಹೂವಿನಂತೆ ಎದ್ದು ಕೆಳಗೆ ಬಂತು. ಆ ಕೆಲಸಕ್ಕೆ ಯಂತ್ರ ಬೇರೆ ಚಾಲಕನನ್ನು ಆರಿಸಿತ್ತು. ಮೌನೇಶನ ಸ್ಥಾನ ಒಂದರಿಂದ ನಲವತ್ತೊಂದಕ್ಕೆ ಇಳಿದಿತ್ತು.

ಆ ನಲವತ್ತೊಂದನ್ನು ನೋಡಿದ ಮೇಲೆ ಉಪಾಧ್ಯೆಯವರು ತಾವಾಗಿಯೇ ಯೋಜನಾ ಕೋಣೆಗೆ ಬಂದರು. “ಆ ಬೆದರಪ್ಪನ್ನ ತೋರಸ್ರಿ,” ಎಂದರು. ಕಸ್ತೂರಿ ತೋರಿಸಿದಳು. ಬೆದರಪ್ಪ ಈಗ ಮೊದಲ ಸ್ಥಾನಕ್ಕೆ ಬಂದಿದ್ದ. ಅವರು ಅಲ್ಲಿಯೇ ಕೂತು ಮುಖ್ಯ ಕಚೇರಿಗೆ ಪತ್ರ ಬರೆದರು. ಕಸ್ತೂರಿಗೆ ಆಗಲೂ ಒಳಗೊಳಗೆ ಸಂಶಯವೇ. ಕಳಿಸುತ್ತಾರೋ ಇಲ್ಲವೋ ಎಂದು. ಕಳಿಸಿದರು. ನಾಲ್ಕು ವಾರಗಳ ಮೇಲೆ ಉತ್ತರ ಬಂತು. ಭಾರ, ಗಾಳಿ, ದಾರಿಯ ಲೆಕ್ಕ ಯಂತ್ರದ್ದೇ. ಜನರನ್ನು ಆರಿಸುವುದು ಸದ್ಯಕ್ಕೆ, ಪ್ರಯೋಗಕ್ಕೆಂದು, ಈ ಸೈಟಿನಲ್ಲಿ ಮಾತ್ರ, ಯೋಜನಾ ವಿಭಾಗದ್ದು. ನಿಲ್ಲಿಸಿದ್ದಕ್ಕೆ ಬೇರೆ ಹಾಳೆ.

ಕಸ್ತೂರಿ ಡಿಪೋಗೆ ಹೋದಾಗ ರಾಜೇಸಾಬರು ಉಕ್ಕಿನ ಹಗ್ಗವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಹರಿದ ಎಳೆಗಳಿವೆಯೇ ಎಂದು ಬೆರಳಿನಿಂದ ತಡಕುತ್ತಿದ್ದರು. ಅವಳು ಎಲ್ಲ ಹೇಳಿದಳು. ಅವರು ತಲೆ ಎತ್ತದೆ ಕೇಳಿದರು.

“ಹುಬ್ಬಳ್ಳಿಗೆ ಹೋಗಿ ಎರಡು ಸಲ ಕಣ್ಣು ತೋರಿಸಿಕೊಂಡು ಬಂದೆ ತಂಗಿ,” ಎಂದರು ಕೊನೆಗೆ. “ಡಾಕ್ಟರು ಚಲೋ ಅದಾವ ಅಂದ್ರು. ಡಾಕ್ಟರ ಮ್ಯಾಲೂ ನಂಬಿಕಿ ಬರಲಿಲ್ಲ. ಯಂತ್ರ ತಪ್ಪೈತಿ ಅನ್ನೂದಕ್ಕಿಂತ ನನ್ನ ಕಣ್ಣ ಹೋಗ್ಯಾವ ಅನ್ನೂದು ನನಗ ಹಗುರ ಅನಿಸ್ತು.”

“ಬರ್ತೀರೇನ್ ಕಾಕಾ?”

“ನಾ ಸುಳ್ಳ ಸುಳ್ಳ ನಿಲ್ಲಿಸಿದ್ರ?”

“ನಿಲ್ಲಸ್ರಿ.”

ಅವರು ಮತ್ತೆರಡು ದಿನ ತೆಗೆದುಕೊಂಡರು. ಮೂರನೆಯ ದಿನ ಬೆಳಿಗ್ಗೆ ಜೀಪಿನ ಹಿಂದಿನ ಸೀಟಿನಲ್ಲಿ, ಯಾರಿಗೂ ಏನೂ ಹೇಳದೆ ಬಂದು ಕೂತಿದ್ದರು.

ಮುಂದಿನ ತಿಂಗಳ ಕೊನೆಯಲ್ಲಿ ಕಸ್ತೂರಿ ಗುಡ್ಡದ ಮೇಲಿದ್ದಾಗ ಮುಖ್ಯ ಕಚೇರಿಯ ಸುರಕ್ಷತಾ ಅಧಿಕಾರಿಯಿಂದ ಫೋನು ಬಂತು. ಸಭ್ಯ ಮನುಷ್ಯ, ಬೆಂಗಳೂರಿನ ಮಾತು. ದನಿಯಲ್ಲಿ ಗಾಬರಿ ಅಡಗಿತ್ತು.

“ಮೇಡಂ, ನಿಮ್ಮ ಸೈಟಿನ ಅಂಕಿ ನೋಡ್ತಾ ಇದ್ದೆ. ಎಲ್ಲಾ ಸೈಟಲ್ಲೂ ಈ ತಿಂಗಳು ಸೊನ್ನೆ ಇದೆ. ನಿಮ್ದು ಮಾತ್ರ ಹತ್ತೊಂಬತ್ತು ಸಲ ಕೆಲಸ ನಿಂತಿದೆ. ಅಲ್ಲಿ ಅಪಾಯ ಯಾಕಿಷ್ಟು ಜಾಸ್ತಿ ಆಯ್ತು? ಏನು ನಡೀತಿದೆ ಅಲ್ಲಿ?”

ಕಸ್ತೂರಿ ಉತ್ತರ ಕೊಡುವಷ್ಟರಲ್ಲಿ ಕ್ರೇನಿನ ಸದ್ದು ನಿಂತಿತು. ಅವಳು ತಿರುಗಿ ನೋಡಿದಳು. ರಾಜೇಸಾಬರು ಎರಡೂ ಕೈ ಅಡ್ಡ ಚಾಚಿ ನಿಂತಿದ್ದರು. ಅವರ ತಲೆಯಿಂದ ಎಷ್ಟೋ ಮೇಲೆ ರೆಕ್ಕೆಯೊಂದು ಗಾಳಿಯಲ್ಲಿ ಅಲುಗದೆ ನಿಂತಿತ್ತು. ಕ್ರೇನಿನ ಕಿಟಕಿಯಿಂದ ಮೌನೇಶ ತಲೆ ಹೊರಹಾಕಿ ಕೆಳಗೆ ಬಗ್ಗಿ ನೋಡುತ್ತಿದ್ದ. ಯಲ್ಲನಗೌಡ ಆಗಲೇ ಹಗ್ಗದ ಕಡೆ ನಡೆದಿದ್ದ.

“ಹತ್ತೊಂಬತ್ತಲ್ರಿ ಸರ್,” ಎಂದಳು ಕಸ್ತೂರಿ. “ಈಗ ಇಪ್ಪತ್ತಾತು. ಏನಂತ ನೋಡಿ ಹೇಳ್ತೀನಿ.”

ಫೋನನ್ನು ಜೇಬಿಗೆ ಹಾಕಿಕೊಂಡು ಅವರತ್ತ ಹೊರಟಳು.